ಯಾವ ಪುತ್ತೂರು? ಮಡಿಕೇರಿಯ ಒಂದು ಮನೆ ಹೆಸರಿನ ಪ್ರಕರಣ

ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೆಸರಿಗೆ ಎರಡು ಖಾನೆ ಇರುತ್ತದೆ. ಒಂದರಲ್ಲಿ ನಮ್ಮ ಹೆಸರು, ಇನ್ನೊಂದರಲ್ಲಿ ಸರ್‌ನೇಮ್. ನಮ್ಮ ಬೀದಿಯ ಹುಡುಗಿಯೊಬ್ಬಳು ಈ ಎರಡನೇ ಖಾನೆಗೆ ಬಂದು ನಿಂತುಬಿಟ್ಟಳು. ನರ್ಸಿಂಗ್ ಓದಿದವಳು, ಐರ್ಲೆಂಡಿಗೆ ಕೆಲಸಕ್ಕೆ ಹೊರಟಿದ್ದಳು. ಇಂಗ್ಲಿಷ್ ಪರೀಕ್ಷೆ ಪಾಸಾಗಿತ್ತು, ಅನುಭವದ ಪತ್ರ ಕೈಯಲ್ಲಿತ್ತು. ಹೆಸರು ಮಾತ್ರ ಒಂದು ಕಾಗದದಲ್ಲಿ ಇದ್ದ ಹಾಗೆ ಇನ್ನೊಂದರಲ್ಲಿ ಇರಲಿಲ್ಲ.

ಕೊಡಗಿನ ಕಕ್ಕಡ ತಿಂಗಳ ಮಳೆ ಹೊಡೆಯುತ್ತಿದ್ದ ಒಂದು ಸಂಜೆ ಅವಳ ಅಪ್ಪ ನಮ್ಮ ಮನೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಇನ್ನೊಂದು ಕವರ್, ಅದರೊಳಗೆ ಕಾಗದಗಳು. "ಸರ್, ನೀವು ಕನ್ನಡ ಮೇಷ್ಟ್ರಾಗಿದ್ದವರು. ನಮ್ಮ ಹೆಸರಿನ ಮುಂದೆ ಒಂದು ಪಿ ಇದೆಯಲ್ಲ, ಅದು ನಮ್ಮ ಮನೆ ಹೆಸರು ಹೌದಾ ಅಲ್ವಾ, ನೀವೇ ಹೇಳಿ" ಎಂದರು.

ಪಿ ಅಂದರೆ ಪುತ್ತೂರು. ಅದು ನನಗೆ ಗೊತ್ತಿತ್ತು. ಇಷ್ಟು ವರ್ಷ ಅವರನ್ನು ಬೀದಿಯವರೆಲ್ಲ ಪುತ್ತೂರಿನವರು ಅಂತಲೇ ಕರೆದದ್ದು. ಆದರೆ ಹೌದಾ ಅಲ್ವಾ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಆಮೇಲೆ ಎರಡು ತಿಂಗಳು ನಾನೂ ಅವರ ಜೊತೆ ಈ ಹೆಸರಿನ ಹಿಂದೆ ಓಡಾಡಿದೆ. ಮನೆಯವರನ್ನು ಕೇಳಿ, ಅವರ ಸ್ವಂತ ಹೆಸರುಗಳನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಅವರ ಜಾತಿಯನ್ನೂ ಬರೆಯುವುದಿಲ್ಲ. ಅದು ಯಾಕೆ ಅಂತ ಮುಂದೆ ತಿಳಿಯುತ್ತದೆ.

ಕವರಿನೊಳಗಿನ ಕಾಗದಗಳು

ಹುಡುಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಆಮೇಲೆ ಅವಳ ಹೆಸರು. ಮೊದಲನೆಯದು ಪಿ, ಎರಡನೆಯದು ಅಪ್ಪನದು. ಕಾಲೇಜಿನ ಕಾಗದ, ನರ್ಸಿಂಗ್ ನೋಂದಣಿ ಎಲ್ಲ ಇದನ್ನೇ ನೋಡಿ ಬರೆದದ್ದು. ಆಧಾರ್‌ನಲ್ಲಿ ಅವಳ ಹೆಸರಿನ ಹಿಂದೆ ಅಪ್ಪನ ಪೂರ್ತಿ ಹೆಸರಿದೆ, ಪಿ ಮಾಯ. ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರಿನ ಜಾಗದಲ್ಲಿ ಇನಿಷಿಯಲ್ ಹಾಕುವ ಹಾಗಿಲ್ಲ. ಅದಕ್ಕೆ ಸೈಬರ್ ಅಂಗಡಿಯ ಹುಡುಗ ಪಿಯನ್ನು ಬಿಡಿಸಿ ಪುತ್ತೂರು ಎಂದು ಕೊನೆಯಲ್ಲಿ ತುಂಬಿದ್ದ. ಅದೂ ಇಂಗ್ಲಿಷಿನಲ್ಲಿ ಒಂದೇ ಟಿ ಹಾಕಿ. ಓದಿದರೆ ಪುಟೂರು.

ಅಪ್ಪನ ವೋಟರ್ ಕಾರ್ಡಿನಲ್ಲಿ ಪಿ ಇದೆ. ಅಜ್ಜನ ಮರಣ ಪತ್ರದಲ್ಲಿ ಒಂಟಿ ಹೆಸರು. ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗ ತನ್ನ ಫೇಸ್‌ಬುಕ್ಕಿನಲ್ಲಿ ಸ್ಟೈಲಾಗಿ 'ಪುತ್ತೂರ್' ಎಂದು ಹಾಕಿಕೊಂಡಿದ್ದಾನೆ.

ಖಾನೆ ಖಾಲಿ ಬಿಟ್ಟರೆ ಆಗುವುದಿಲ್ಲವಾ? ಪಾಸ್‌ಪೋರ್ಟ್ ಸಿಗುತ್ತದೆ. ತೊಂದರೆ ಬರುವುದು ಆಮೇಲೆ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರನ್ನು ವಿಸಿಟ್ ವೀಸಾದಲ್ಲಿ ಬಿಡುವುದಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ಹೇಳಿತು. ಊರಿನ ಅರ್ಧ ಜನ ದುಬೈಗೆ ಹೋಗಿಬರುವ ಕಾಲದಲ್ಲಿ ಆ ಸುದ್ದಿ ಇಲ್ಲಿಗೂ ಬೇಗ ಮುಟ್ಟಿತು. ಅಮೆರಿಕದ ವೀಸಾದಲ್ಲಂತೂ ಸರ್‌ನೇಮ್ ಇಲ್ಲದವರ ಸ್ವಂತ ಹೆಸರನ್ನೇ ಎತ್ತಿ ಸರ್‌ನೇಮ್ ಜಾಗಕ್ಕೆ ಹಾಕಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅಪ್ಪ ಅಮ್ಮ ಇಟ್ಟ ಹೆಸರು ಇದ್ದೂ ಗೊತ್ತಿಲ್ಲದವಳಾಗುವುದು ಹುಡುಗಿಗೆ ಬೇಡವಾಗಿತ್ತು.

ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿಕೊಳ್ಳಬಹುದಿತ್ತು. ದಕ್ಷಿಣದಲ್ಲಿ ಸುಮಾರು ಜನ ಮಾಡುವುದೇ ಅದನ್ನು. ಆಧಾರ್‌ಗೂ ಅದು ಸರಿಹೋಗುತ್ತಿತ್ತು. ಆದರೆ ಅವಳು ಬೆಳೆದದ್ದು ಕೊಡಗಿನಲ್ಲಿ. ಇಲ್ಲಿ ಅಪ್ಪನ ಹೆಸರು ಬೇರೆ, ಮನೆ ಹೆಸರು ಬೇರೆ. ಅದರಲ್ಲಿ ಯಾರಿಗೂ ಗೊಂದಲ ಇಲ್ಲ.

ಮನೆ ಮೊದಲು, ಆಮೇಲೆ ಮನುಷ್ಯ

ಕೊಡಗಿನಲ್ಲಿ ಹೊಸಬರು ಸಿಕ್ಕರೆ ಹೆಸರು ಕೇಳಿ ಸುಮ್ಮನಾಗುವುದಿಲ್ಲ. ಎರಡನೇ ಪ್ರಶ್ನೆ ಮನೆ ಹೆಸರಿನದು. ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಅದಕ್ಕೆ ಮನೆಪೆದ ಎನ್ನುತ್ತಾರೆ. ಅದು ಒಕ್ಕದ, ಅಂದರೆ ಇಡೀ ವಂಶದ ಹೆಸರು. ಹೆಸರು ಬರೆಯುವಾಗ ಮೊದಲು ಒಕ್ಕ, ಆಮೇಲೆ ಹೆಚ್ಚಾಗಿ ಅಪ್ಪ, ಕೊನೆಗೆ ತಾನು. ಕೊಡಂದೇರ ಮಾದಪ್ಪ ಕಾರ್ಯಪ್ಪ. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಇಬ್ಬರು ಜನರಲ್‌ಗಳ ಹೆಸರಿನ ಮುಂದಿನ ಕೆ ಒಂದೇ ಮನೆಯದ್ದು. ಹೊರಗಿನವರು ಕಾರ್ಯಪ್ಪ, ತಿಮ್ಮಯ್ಯ ಎಂಬುದನ್ನೇ ಸರ್‌ನೇಮ್ ಅಂದುಕೊಂಡರು. ನಿಜಕ್ಕೂ ಮನೆ ಹೆಸರು ಮುಂದಿರುವ ಕೊಡಂದೇರ. ಇಂಗ್ಲಿಷ್ ಅರ್ಜಿ ಕೊನೆಯಲ್ಲಿ ಹುಡುಕುವುದನ್ನು ನಾವು ಮೊದಲೇ ಹೇಳಿ ಮುಗಿಸಿರುತ್ತೇವೆ.

ಅಂಡ, ಇರ, ಏರ ಎಂದು ಕೊನೆಯಾಗುವ ಒಕ್ಕದ ಹೆಸರುಗಳು ಹೆಚ್ಚಾಗಿ ಹಿರಿಯನೊಬ್ಬನ ಹೆಸರಿನಿಂದ ಹುಟ್ಟಿದವು. ಇಂಥವನ ಕಡೆಯವರು ಎಂಬ ಅರ್ಥ. ಅರೆಭಾಷೆ ಗೌಡರ ಮನೆ ಹೆಸರುಗಳಲ್ಲಿ ಜಾಗದ ವಾಸನೆ ಜಾಸ್ತಿ. 1837ರಲ್ಲಿ ಬ್ರಿಟಿಷರು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದ ಸುಬೇದಾರ ಅಪ್ಪಯ್ಯ ಗೌಡರ ಮನೆ ಹೆಸರು ಗುಡ್ಡೆಮನೆ. ಗುಡ್ಡದ ಮೇಲಿನ ಮನೆ, ಅಷ್ಟೇ. ಅರ್ಥ ಕೇಳಲು ಯಾರೂ ಪಂಡಿತರ ಹತ್ತಿರ ಹೋಗಬೇಕಿಲ್ಲ.

ಕೊಡವ ಕುಟುಂಬಗಳ ಹಾಕಿ 1997ರಲ್ಲಿ ಕರಡದಲ್ಲಿ ಶುರುವಾಯಿತಲ್ಲ, ಆಮೇಲೆ ಮನೆ ಹೆಸರು ಟೀ ಶರ್ಟಿನ ಬೆನ್ನಿಗೂ ಬಂತು. ಗೌಡ ಕುಟುಂಬಗಳ ಕ್ರಿಕೆಟ್ಟೂ ಹಾಗೆಯೇ. ನಮ್ಮ ಹುಡುಗಿ ಚಿಕ್ಕವಳಿದ್ದಾಗ ಮೈದಾನದಿಂದ ಬಂದು ಅಪ್ಪನನ್ನು ಕೇಳಿದ್ದಳಂತೆ, "ನಮ್ಮದು ಯಾವ ಟೀಮ್?" ಅಪ್ಪ "ನಾವು ನೋಡುವ ಟೀಮ್" ಎಂದಿದ್ದರು. ತಮಾಷೆಗೆ ಹೇಳಿದ ಮಾತು. ಅದನ್ನು ನನಗೆ ಹೇಳುವಾಗ ಮಾತ್ರ ಅವರು ನಗಲಿಲ್ಲ.

ಕೊಡಗಿನಲ್ಲಿ ಮನೆ ಹೆಸರು ಕೇಳುವುದರಲ್ಲಿ ಜಾತಿ ಕೇಳುವುದೂ ಸೇರಿಕೊಂಡಿದೆ ಎಂಬುದನ್ನು ಮುಚ್ಚಿಡುವುದು ಬೇಡ. ಹೆಸರು ಕೇಳಿದ ಕೂಡಲೇ ಇವರು ಕೊಡವರು, ಇವರು ಗೌಡರು, ಇವರು ಇಂಥ ನಾಡಿನವರು ಎಂದು ಒಂದು ನಕ್ಷೆ ತಲೆಯಲ್ಲಿ ಬಿಡಿಸಿಕೊಳ್ಳುತ್ತದೆ. ಪುತ್ತೂರು ಎಂದರೆ ಆ ನಕ್ಷೆ ಬಿಡಿಸಿಕೊಳ್ಳುವುದಿಲ್ಲ. ಪುತ್ತೂರಿನಿಂದ ಯಾರು ಬೇಕಾದರೂ ಬರಬಹುದು. ಭಟ್ಟರು, ಗೌಡರು, ಬಂಟರು, ಬ್ಯಾರಿಗಳು, ಕ್ರಿಶ್ಚಿಯನ್ನರು, ಯಾರು ಬೇಕಾದರೂ. ಕೆಲವರಿಗೆ ಇದು ಕಿರಿಕಿರಿ. ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ, ಅದನ್ನು ಕೇಳಲು ನಾಚಿಕೆ. ಹುಡುಗಿಗೆ ಇದೇ ಇಷ್ಟವಾಗಿತ್ತು. ಹಾಗಾಗಿ ನಾನೂ ಬರೆಯುತ್ತಿಲ್ಲ.

ಅಜ್ಜಿ ಹೇಳಿದ್ದು

ಮನೆಯಲ್ಲಿ ಅಜ್ಜಿ ಇದ್ದಾರೆ. ಹುಡುಗಿಯ ಅಪ್ಪನ ತಾಯಿ. ಎಂಬತ್ತು ದಾಟಿದೆ, ಕಿವಿ ಮಂದ, ನೆನಪು ಚುರುಕು. ಮನೆಯೊಳಗೆ ತುಳು, ಹೊರಗೆ ಕನ್ನಡ. ನಾನು ಹೋಗಿ ಕೂತು, ನಿಮ್ಮ ಯಜಮಾನರು ಪುತ್ತೂರಿನಲ್ಲಿ ಯಾವ ಕಡೆಯವರು ಎಂದು ಕೇಳಿದೆ.

"ಅವರು ಪುತ್ತೂರಿನವರೇ ಅಲ್ಲ ಮಾಸ್ಟ್ರೇ" ಎಂದರು ಅಜ್ಜಿ.

ಮಗ ತಲೆ ಎತ್ತಿ ನೋಡಿದರು. ಐವತ್ತೈದು ವರ್ಷದಿಂದ ಪಿ ಹಾಕಿಕೊಂಡು ಬಂದ ಮನುಷ್ಯ.

ವಿಷಯ ಹೀಗೆ. ಅಜ್ಜನ ಊರು ಬೆಳ್ಳಾರೆಯ ಹತ್ತಿರ, ಒಳಗೆ ನಡೆದು ಹೋಗಬೇಕಾದ ಜಾಗ. ಮನೆಯಲ್ಲಿ ಮಕ್ಕಳು ಜಾಸ್ತಿ, ಗದ್ದೆ ಗೇಣಿಯದು. ಹುಡುಗನಾಗಿದ್ದಾಗ ಪುತ್ತೂರಿಗೆ ಹೋಗಿ ಒಬ್ಬ ಟೈಲರ್ ಹತ್ತಿರ ಕೆಲಸ ಕಲಿತರು. ಕಾಜಾ ಹೊಲಿಯುವುದರಿಂದ ಶುರು. ಆಮೇಲೆ ಯಾರೋ ಮಡಿಕೇರಿಯಲ್ಲಿ ಕೋಟು ಹೊಲಿಯುವವರಿಗೆ ಕೆಲಸ ಇದೆ ಎಂದರು. ಸಂಪಾಜೆ ಘಾಟಿ ಹತ್ತಿ ಬಂದರು. ಇಲ್ಲಿ ಒಂದು ಅಂಗಡಿಯ ಜಗಲಿಯಲ್ಲಿ ಮೆಷಿನ್ ಇಟ್ಟು ಕುಪ್ಯ, ಅಂದರೆ ಕೊಡವ ಗಂಡಸರು ತೊಡುವ ಉದ್ದ ಕೋಟು, ಹೊಲಿಯಲು ಕಲಿತರು. ಮದುವೆ ಗಂಡಿಗೆ ಬಿಳಿ ಕುಪ್ಯ, ಉಳಿದವರಿಗೆ ಕಪ್ಪು. ಮದುವೆ ದಿನಗಳು ಬಂದರೆ ರಾತ್ರಿಯಿಡೀ ಮೆಷಿನ್ ಓಡುತ್ತಿತ್ತು ಎಂದು ಅಜ್ಜಿ ಹೇಳುವಾಗ ಅವರ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಅವರೂ ಹೊಲಿದವರೇ.

"ಎಲ್ಲಿಯವನು ಅಂತ ಕೇಳಿದ್ರಂತೆ. ಬೆಳ್ಳಾರೆ ಅಂದ್ರೆ ಇವರಿಗೆ ಗೊತ್ತಾಗ್ಲಿಲ್ಲ. ಪುತ್ತೂರು ಅಂದ್ರಂತೆ. ಮರುದಿನದಿಂದ ಪುತ್ತೂರು ಟೈಲರ್."

ಇದು ಎಲ್ಲ ಕಡೆ ಆಗುವುದೇ. ದೂರದಿಂದ ನೋಡುವವರಿಗೆ ಸಣ್ಣ ಊರು ಕಾಣುವುದಿಲ್ಲ. ನಾಪೋಕ್ಲಿನವರು ಬೆಂಗಳೂರಿಗೆ ಹೋದರೆ ಮಡಿಕೇರಿಯವರಾಗುತ್ತಾರೆ, ದೆಹಲಿಗೆ ಹೋದರೆ ಕೂರ್ಗಿನವರಾಗುತ್ತಾರೆ. ನಾನು ಇದನ್ನು ಹೇಳಿದರೂ ಹುಡುಗಿಯ ಅಪ್ಪನಿಗೆ ಸಮಾಧಾನ ಆಗಲಿಲ್ಲ. "ಹಾಗಾದ್ರೆ ನಮ್ಮ ಹೆಸರೇ ಸುಳ್ಳು" ಎಂದರು.

ಪೂರ್ತಿ ಸುಳ್ಳೂ ಅಲ್ಲ. ಅಜ್ಜ ಘಾಟಿ ಹತ್ತಿದ ಕಾಲದಲ್ಲಿ ಸುಳ್ಯ ಬೇರೆ ತಾಲ್ಲೂಕಾಗಿರಲಿಲ್ಲ. ಬೆಳ್ಳಾರೆಯೂ ಪುತ್ತೂರು ತಾಲ್ಲೂಕಿನ ಒಳಗೇ ಇತ್ತು. ಕಾಗದ ಮಾಡಿಸಿದ್ದರೆ ಅದರಲ್ಲೂ ಪುತ್ತೂರು ಅಂತಲೇ ಬರುತ್ತಿತ್ತು. ಇನ್ನೂ ಒಂದು ಸಂಗತಿ ಇದೆ. ಅವರು ಬಂದದ್ದು "ಕೊಡಗು ಸೇರುವ ಮೊದಲೇ" ಎಂದು ಅಜ್ಜಿ ಹೇಳುತ್ತಾರೆ. ಸೇರುವುದು ಎಂದರೆ 1956ರ ನವೆಂಬರ್ 1. ಅದಕ್ಕೆ ಮೊದಲು ಕೊಡಗು ತನ್ನದೇ ಒಂದು ಸಣ್ಣ ರಾಜ್ಯ, ದಕ್ಷಿಣ ಕನ್ನಡ ಮದರಾಸಿಗೆ ಸೇರಿದ್ದು. ಅಂದರೆ ಆ ಟೈಲರ್ ಹುಡುಗ ಒಂದು ಘಾಟಿ ಹತ್ತಿ ರಾಜ್ಯವನ್ನೇ ದಾಟಿದ್ದ. ಪರರಾಜ್ಯದವನು ಎನ್ನುವುದಕ್ಕೆ ಒಂದು ಗುರುತು ಬೇಕಾಗಿತ್ತು, ಜನ ಕೊಟ್ಟರು.

ಇನ್ನೂ ಹಿಂದಕ್ಕೆ ಹೋದರೆ ಈ ಲೆಕ್ಕವೂ ತಿರುಗುತ್ತದೆ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸುವವರೆಗೆ ಅಮರ ಸುಳ್ಯದ ಸೀಮೆ ಮಡಿಕೇರಿಯ ಅರಸರದ್ದೇ. ಆಮೇಲೆ ಅದನ್ನು ಕಿತ್ತು ಕೆನರಾಕ್ಕೆ ಹಚ್ಚಿದರು. 1837ರ ದಂಗೆಯ ಬೆಂಕಿಗೆ ಅದೂ ಒಂದು ಕಡ್ಡಿ. ಹಾಗಾದರೆ ಘಾಟಿಯ ಆ ಕಡೆಯವರು ಎಷ್ಟು ಹೊರಗಿನವರು? ಅಜ್ಜಿಗೆ ಇದನ್ನು ಹೇಳಿದೆ. ಅವರು "ಅರಸರು ಇದ್ದಿದ್ರೆ ಅವರಿಗೂ ಕುಪ್ಯ ಹೊಲಿತಿದ್ರು" ಎಂದು ವೀಳ್ಯ ಬಾಯಿಗೆ ಹಾಕಿಕೊಂಡರು.

ಊರಿನ ಅರ್ಥ ಬೇರೆ, ಹೆಸರಿನ ಅರ್ಥ ಬೇರೆ

ಪುತ್ತೂರು ಎಂದರೆ ಏನು ಎಂದು ಹುಡುಗಿ ಕೇಳಿದಳು. ಐರ್ಲೆಂಡಿನಲ್ಲಿ ಯಾರಾದರೂ ಕೇಳಿದರೆ ಹೇಳಬೇಕಲ್ಲ.

ಮೂರು ದಾರಿ ಇವೆ. ಒಂದು ಮುತ್ತಿನ ಕಥೆ. ಮಹಾಲಿಂಗೇಶ್ವರ ದೇವಸ್ಥಾನದ ಕೆರೆಯಲ್ಲಿ ನೀರು ಬರಲಿಲ್ಲ. ಕೆರೆಯ ತಳದಲ್ಲೇ ಎಲೆ ಹಾಕಿ ಊಟ ಬಡಿಸಿದರು, ನೀರು ಉಕ್ಕಿತು, ಎಲೆಯ ಮೇಲಿದ್ದ ಅನ್ನದ ಅಗುಳುಗಳು ಮುತ್ತಾದವು. ಮುತ್ತೂರು ಹೋಗಿ ಪುತ್ತೂರಾಯಿತು ಎನ್ನುತ್ತಾರೆ. ಚಂದದ ಕಥೆ, ದೇವಸ್ಥಾನದಲ್ಲಿ ಕೂತು ಕೇಳಬೇಕು. ಆದರೆ ಮ ಹೋಗಿ ಪ ಬರುವುದು ಕನ್ನಡದಲ್ಲಿ ಅಷ್ಟು ಸುಲಭವಲ್ಲ. ಎರಡನೆಯದು ಪುತ್ತು, ಅಂದರೆ ಹಳಗನ್ನಡದಲ್ಲಿ ಹುತ್ತ. ಹುತ್ತವಿದ್ದ ಊರು. ಮೂರನೆಯದು ಹೊಸ ಊರು ಎಂಬುದು.

ನನ್ನ ಮನಸ್ಸು ಮೂರನೆಯದರ ಕಡೆಗೆ. ಅದಕ್ಕೆ ಸಾಕ್ಷಿ ಹುಡುಕಲು ಕೊಡಗಿನ ಹೊರಗೆ ಹೋಗಬೇಕಿಲ್ಲ. ನಮ್ಮ ಸುಗ್ಗಿ ಹಬ್ಬಕ್ಕೆ ಕೊಡವರು ಪುತ್ತರಿ ಎನ್ನುತ್ತಾರೆ, ಕನ್ನಡದಲ್ಲಿ ಬರೆಯುವಾಗ ಹುತ್ತರಿ ಎನ್ನುತ್ತೇವೆ. ಹೊಸ ಅಕ್ಕಿ ಎಂದು ಅರ್ಥ. ಅರಿ ಎಂದರೆ ಅಕ್ಕಿ, ಮುಂದಿರುವ ಪುತ್ತ್ ಎಂದರೆ ಹೊಸತು. ಆ ಪುತ್ತ್ ಅಕ್ಕಿಯ ಮುಂದೆ ನಿಂತರೆ ಪುತ್ತರಿ, ಊರಿನ ಮುಂದೆ ನಿಂತರೆ ಪುತ್ತೂರು. ಹಳಗನ್ನಡದ ಪ ನಮ್ಮಲ್ಲಿ ಹ ಆಯಿತು. ಪಾಲು ಹಾಲಾಯಿತು, ಪೊಸತು ಹೊಸತಾಯಿತು, ಪೆಸರು ಹೆಸರಾಯಿತು. ತುಳುವಿನಲ್ಲಿ, ಕೊಡವದಲ್ಲಿ ಪ ಹಾಗೇ ಉಳಿಯಿತು. ಹೆಸರಿಗೆ ತುಳುವಿನಲ್ಲಿ ಪುದರ್, ಕೊಡವದಲ್ಲಿ ಪೆದ. ಹೊಸೂರು ಎಂಬ ಊರು ಕನ್ನಡದ ನೆಲದಲ್ಲಿ ಹೆಜ್ಜೆಗೊಂದು ಸಿಗುತ್ತದೆ. ಪುತ್ತೂರು ಅದರ ಅಣ್ಣ, ಹಳೆಯ ಉಚ್ಚಾರಣೆ ಬಿಡದ ಅಣ್ಣ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗಿ ಒಂದು ಒಳ್ಳೆ ಪ್ರಶ್ನೆ ಕೇಳಿದಳು. "ಸರ್, ಊರಿನ ಅರ್ಥ ಹೊಸ ಊರು. ನಮ್ಮ ಹೆಸರಿನ ಅರ್ಥವೂ ಅದೇನಾ?"

ಅಲ್ಲ. ಇಡೀ ಪ್ರಕರಣದ ಗಂಟು ಇಲ್ಲಿದೆ ಎಂದು ನನಗೆ ಅನಿಸುತ್ತದೆ. ಊರಿನ ಹೆಸರು ಮನುಷ್ಯನ ಹೆಸರಾದಾಗ ಹಳೆಯ ಅರ್ಥ ಊರಿನಲ್ಲೇ ಉಳಿಯುತ್ತದೆ. ಹೆಸರಿಗೆ ಹೊಸ ಅರ್ಥ ಬರುತ್ತದೆ: ಅಲ್ಲಿಂದ ಬಂದವನು. ಅಲ್ಲಿಂದ ಬಂದವನು ಅಂದರೆ ಈಗ ಅಲ್ಲಿ ಇಲ್ಲದವನು. ಪುತ್ತೂರಿನ ಒಳಗೆ ಯಾರನ್ನೂ ಪುತ್ತೂರು ಎಂದು ಕರೆಯುವುದಿಲ್ಲ. ಕರೆದರೆ ಯಾರು ತಿರುಗಿ ನೋಡಬೇಕು? ಊರಿನ ಹೆಸರು ಮೈಗೆ ಅಂಟಿಕೊಳ್ಳುವುದು ಊರು ಬಿಟ್ಟ ಮೇಲೆ. ಅಂಟಿಸುವವರೂ ಊರಿನವರಲ್ಲ, ಬಂದ ಜಾಗದವರು.

ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಗಿರೀಶ ಕಾರ್ನಾಡರು ಹುಟ್ಟಿದ್ದು ಮಾಥೇರಾನ್‌ನಲ್ಲಿ, ಬೆಳೆದದ್ದು ಶಿರಸಿ, ಧಾರವಾಡಗಳಲ್ಲಿ. ಕಾರ್ನಾಡು ಇರುವುದು ಮೂಲ್ಕಿಯ ಹತ್ತಿರ. ಪಡುಕೋಣೆ, ಬೆನೆಗಲ್, ಗುಲ್ವಾಡಿ, ಬಸ್ರೂರು, ಇವೆಲ್ಲ ಕರಾವಳಿಯ ಊರುಗಳು. ಹೆಸರಾಗಿ ಹೆಚ್ಚು ಕೇಳಿಸುವುದು ಮುಂಬೈಯಲ್ಲಿ. ಇವಕ್ಕಿಂತ ನನಗೆ ಇಷ್ಟವಾದದ್ದು ವಿಶ್ವೇಶ್ವರಯ್ಯನವರ ಎಂ. ಅದು ಮೋಕ್ಷಗುಂಡಂ. ಊರು ಆಂಧ್ರದ್ದು. ಅವರ ಹಿರಿಯರು ಅದನ್ನು ಬಿಟ್ಟು ಎಷ್ಟೋ ತಲೆಮಾರು ಕಳೆದಿತ್ತು, ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಊರು ಬಿಟ್ಟರೂ ಹೆಸರು ಬಿಡಲಿಲ್ಲ.

ಮರಾಠಿ, ಕೊಂಕಣಿಗಳಲ್ಲಿ ಊರಿಗೆ 'ಕರ್' ಸೇರಿಸಿ ಇದನ್ನು ಬಾಯಿ ಬಿಟ್ಟೇ ಹೇಳುತ್ತಾರೆ. ಮಂಗೇಶಿಯವರು ಮಂಗೇಶ್ಕರ್. ಹಳೇ ಮೈಸೂರಿನವರು ಊರನ್ನು ಇನಿಷಿಯಲ್‌ನಲ್ಲಿ ಅಡಗಿಸುತ್ತಾರೆ. ಎಚ್. ಡಿ. ದೇವೇಗೌಡರ ಎಚ್ ಹರದನಹಳ್ಳಿ. ಕೊಡಗಿಗೆ ಬಂದ ಟೈಲರ್ ಮನೆಗೆ ಈ ಎರಡರ ನಡುವಿನ ಒಂದು ಗತಿ ಸಿಕ್ಕಿತು. ಕರ್ ಇಲ್ಲ, ಹುಟ್ಟಿದ ಊರೂ ಅಲ್ಲ, ಬಸ್ಸು ಹತ್ತಿದ ಊರು.

ಬೆಳ್ಳಾರೆಗೆ ಹೋಗಿ ಬಂದದ್ದು

ಅಪ್ಪನಿಗೆ ಸಮಾಧಾನ ಆಗಿರಲಿಲ್ಲ ಅಂದೆನಲ್ಲ. ಅವರಿಗೆ ನಿಜವಾದ ಮನೆ ಹೆಸರು ಬೇಕಿತ್ತು. ತುಳುನಾಡಿನಲ್ಲಿ ಮನೆಗೊಂದು ಹೆಸರು ಇದ್ದೇ ಇರುತ್ತದೆ. ಅಜ್ಜಿ ಅದನ್ನೂ ಹೇಳಿದರು. ಕೊನೆಯಲ್ಲಿ 'ಮಜಲು' ಎಂದು ಬರುವ ಹೆಸರು. ಪೂರ್ತಿ ಬರೆದರೆ ಆ ಮನೆ ಗೊತ್ತಾಗಿಬಿಡುತ್ತದೆ, ಬೇಡ. ಒಂದು ಭಾನುವಾರ ಕಾರು ಮಾಡಿಕೊಂಡು ನಾವು ಮೂವರು ಘಾಟಿ ಇಳಿದೆವು. 2018ರಲ್ಲಿ ಗುಡ್ಡ ಜಾರಿದ ಜೋಡುಪಾಲದ ಹತ್ತಿರ ಅಪ್ಪ ಕಾರು ನಿಧಾನ ಮಾಡಿಸಿದರು. ಅಲ್ಲಿಂದ ಸುಳ್ಯದವರೆಗೆ ಯಾರೂ ಮಾತಾಡಲಿಲ್ಲ.

ಬೆಳ್ಳಾರೆಯಲ್ಲಿ ಕೇಳಿ ಕೇಳಿ ಜಾಗ ಸಿಕ್ಕಿತು. ಹಳೆ ಮನೆ ಇಲ್ಲ. ಅಡಿಕೆ ತೋಟ, ಹೊಸ ತಾರಸಿ ಮನೆ, ಬೇರೆ ಮನೆಯವರು. ಬಹಳ ಹಿಂದೆ ಕೈ ಬದಲಾದ ಜಾಗ. ಅವರು ಒಳ್ಳೆಯವರು, ಬೊಂಡ ಕೆತ್ತಿ ಕೊಟ್ಟರು. ನಿಮ್ಮ ಮನೆ ಹೆಸರೇನು ಎಂದು ನಾನು ಕೇಳಿದೆ. ಅದೇ ಮಜಲು. ಊರಲ್ಲೆಲ್ಲ ಅವರನ್ನು ಆ ಹೆಸರಿನಿಂದಲೇ ಕರೆಯುತ್ತಾರೆ. ಮನೆಯ ಹುಡುಗ ಫೋನಿನಲ್ಲೂ ಹಾಗೇ ಹೇಳಿಕೊಳ್ಳುತ್ತಿದ್ದ.

ಹುಡುಗಿಯ ಅಪ್ಪನ ಮುಖ ಸಪ್ಪಗಾಯಿತು. ತಮ್ಮ ಹೆಸರನ್ನು ಬೇರೆಯವರು ಹಾಕಿಕೊಂಡಿದ್ದಾರೆ ಅನಿಸಿರಬೇಕು. ಆದರೆ ಕರಾವಳಿಯ ಕ್ರಮವೇ ಅದು. ಮಜಲು ಎಂದರೆ ಗದ್ದೆಯ ಒಂದು ಬಗೆ. ಕೆಳಗಿನದು ಬೈಲು, ನಡುವಿನದು ಮಜಲು, ಮೇಲಿನದು ಬೆಟ್ಟು. ಅಡ್ಕ, ಮೂಲೆ, ಕಟ್ಟೆ, ಗುಂಡಿ ಎಂದು ಕೊನೆಯಾಗುವ ಮನೆಗಳೂ ಹಾಗೆಯೇ ನೆಲದ ಹೆಸರಿನವು. ಆ ಹೆಸರು ಮಣ್ಣಿನದು, ರಕ್ತದ್ದಲ್ಲ. ಯಾರು ಅಲ್ಲಿ ಒಲೆ ಹೊತ್ತಿಸುತ್ತಾರೋ ಅವರಿಗೆ ಅದು ಸಲ್ಲುತ್ತದೆ. ಕೊಡವರ ಒಕ್ಕದ ಹೆಸರು ತದ್ವಿರುದ್ಧ. ಐನ್‌ಮನೆ, ಅಂದರೆ ಒಕ್ಕದ ಮೂಲ ಮನೆ, ಬಿಟ್ಟು ಲಂಡನ್ನಿಗೆ ಹೋದರೂ ಜೊತೆಗೆ ಬರುತ್ತದೆ, ಐನ್‌ಮನೆ ಕೊಂಡವರಿಗೆ ಬರುವುದಿಲ್ಲ. ಈ ಮನೆಯವರು ನೆಲದ ಹೆಸರಿನ ಊರಿನಿಂದ ರಕ್ತದ ಹೆಸರಿನ ಊರಿಗೆ ಬಂದವರು. ಮಜಲನ್ನು ಘಾಟಿ ಹತ್ತಿಸಲು ಆಗಲಿಲ್ಲ. ಪುತ್ತೂರು ಹುಟ್ಟಿದ್ದೇ ಘಾಟಿ ಹತ್ತಿದ ಮೇಲೆ, ಮಡಿಕೇರಿಯಲ್ಲಿ. ಹಾಗೆ ನೋಡಿದರೆ ಅದು ಕೊಡಗಿನ ಹೆಸರು.

ವಾಪಸ್ ಬರುವಾಗ ಸಂಪಾಜೆಯಲ್ಲಿ ಚಹಾ ಕುಡಿಯಲು ನಿಂತೆವು. ಅಪ್ಪ ತಾವೇ ಹೇಳಿದರು: "ಮಜಲು ಅವರದ್ದೇ ಇರ್ಲಿ ಸರ್."

ಹೆಡ್‌ಮಾಸ್ಟರ ಕೈಬರಹ

ಇನ್ನು ಉಳಿದದ್ದು ಕಾಗದ. ಪಾಸ್‌ಪೋರ್ಟ್ ಅರ್ಜಿಯಲ್ಲೂ ಇನಿಷಿಯಲ್ ಬಿಡಿಸಿಯೇ ಬರೆಯಬೇಕು. ಇನಿಷಿಯಲ್ ಬಿಡಿಸುವುದು ಒಂದು, ಹೆಸರು ಬದಲಿಸುವುದು ಇನ್ನೊಂದು. ಎರಡನೆಯದಕ್ಕೆ ಅಫಿಡವಿಟ್ಟು, ಪತ್ರಿಕೆಯಲ್ಲಿ ಜಾಹೀರಾತು, ಗೆಜೆಟ್ಟು ಎಂದು ಸುತ್ತು ಜಾಸ್ತಿ. ಮೊದಲನೆಯದು ಸಾಕಾಗಬೇಕಾದರೆ ಪಿ ಎಂದರೆ ಪುತ್ತೂರು ಎಂದು ಎಲ್ಲಾದರೂ ಬರೆದಿರಬೇಕು. ಇವಳ ಶಾಲೆಯ ದಾಖಲೆಯಲ್ಲಿ ಬರೀ ಪಿ.

ನನಗೆ ಹೊಳೆದದ್ದು ಅಪ್ಪ ಓದಿದ ಶಾಲೆ. ಸರ್ಕಾರಿ ಶಾಲೆಗಳು ದಾಖಲಾತಿ ಪುಸ್ತಕವನ್ನು ಬಿಸಾಡುವುದಿಲ್ಲ. ಈಗಿನ ಮುಖ್ಯ ಶಿಕ್ಷಕಿ ಬೀರು ತೆಗೆಸಿ, ಧೂಳು ಒರೆಸಿ ಹುಡುಕಿಕೊಟ್ಟರು. ನೀಲಿ ಶಾಯಿ, ದುಂಡನೆಯ ಅಕ್ಷರ. ವಿದ್ಯಾರ್ಥಿಯ ಹೆಸರಿನ ಖಾನೆಯಲ್ಲಿ ಮೊದಲು 'ಪುತ್ತೂರು', ಆಮೇಲೆ ಅಜ್ಜನ ಹೆಸರು, ಕೊನೆಗೆ ಹುಡುಗನ ಹೆಸರು. ಪೂರ್ತಿಯಾಗಿ.

ಅಜ್ಜಿಗೆ ಆ ದಿನ ನೆನಪಿತ್ತು. ಹೆಡ್‌ಮಾಸ್ಟರು ಮನೆ ಹೆಸರು ಕೇಳಿದರು. ಅಜ್ಜ ಸುಮ್ಮನೆ ನಿಂತರು. ಮೇಲಿನ ಸಾಲಿನ ಹುಡುಗನಿಗೂ ಕೆಳಗಿನ ಸಾಲಿನವನಿಗೂ ಮೂರು ಮೂರು ಪದ, ಇವನಿಗೆ ಮಾತ್ರ ಎರಡು. ಹೆಡ್‌ಮಾಸ್ಟರೇ "ಎಂತ ಮಾರಾಯ, ಪುತ್ತೂರು ಅಂತ ಹಾಕ್ತೇನೆ, ಆಗ್ತದಲ್ವಾ?" ಎಂದರಂತೆ. ಅವರ ಕೋಟನ್ನೂ ಹೊಲಿದವರು ಅಜ್ಜನೇ.

ಕೊಡಗಿನ ಮೂರು ಪದದ ಅಚ್ಚಿಗೆ ಹೊರಗಿನ ಹುಡುಗನನ್ನು ಹೊಂದಿಸಲು ಒಂದು ಪದ ಬೇಕಾಗಿತ್ತು. ಬೀದಿಯಲ್ಲಿ ಓಡಾಡುತ್ತಿದ್ದ ಅಡ್ಡಹೆಸರನ್ನು ಹೆಡ್‌ಮಾಸ್ಟರು ಎತ್ತಿ ಅಲ್ಲಿ ಕೂರಿಸಿದರು. ಟೈಲರನ್ನು ಕರೆಯಲು ಜನ ಇಟ್ಟ ಹೆಸರು ಅವತ್ತು ಮಗನ ಹೆಸರಾಯಿತು. ನನ್ನ ಲೆಕ್ಕದಲ್ಲಿ ಇದು ಸರ್‌ನೇಮ್ ಆದದ್ದು ಆ ದಿನ. ಅಜ್ಜನಿಗೆ ಅದು ಗುರುತು, ಅಪ್ಪನಿಗೆ ಇನಿಷಿಯಲ್, ಮೊಮ್ಮಗಳಿಗೆ ಸರ್‌ನೇಮ್.

ಆ ಪುಟದ ದೃಢೀಕೃತ ಪ್ರತಿ ಸಿಕ್ಕಿದ ಮೇಲೆ ಉಳಿದದ್ದು ಸರಾಗ. ಬೇರೆ ಬೇರೆ ಕಾಗದದಲ್ಲಿರುವವಳು ಒಬ್ಬಳೇ ಎಂದು ನೋಟರಿ ಹತ್ತಿರ ಒಂದು ಅಫಿಡವಿಟ್. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಅದರಲ್ಲಿ ಒಂದನ್ನು ಖರ್ಚು ಮಾಡಿದೆವು. ಪ್ಯಾನ್ ತಿದ್ದುಪಡಿ ಆಮೇಲೆ. ಪಾಸ್‌ಪೋರ್ಟಿಗೆ ಕೊಡುವ ಮೊದಲು ಎಲ್ಲ ಒಂದೇ ಥರ ಆಗಲಿ ಎಂದು ನಾನು ಹಟ ಹಿಡಿದೆ. ಒಂದು ತಿಂಗಳು ತಡವಾಯಿತು, ಹುಡುಗಿಗೆ ನನ್ನ ಮೇಲೆ ಸಿಟ್ಟು ಬಂತು. ಇಂಥದ್ದಕ್ಕೆ ಕೈ ಹಾಕುವವರಿಗೆ ನಾನು ಈಗಲೂ ಅದನ್ನೇ ಹೇಳುವುದು.

ಟಿ ಎರಡು, ಓ ಇಲ್ಲ

ನಿಜವಾದ ಜಗಳ ಆದದ್ದು ಸ್ಪೆಲಿಂಗಿಗೆ. ಇಂಗ್ಲಿಷಿನಲ್ಲಿ ತ ಮತ್ತು ಟ ಎರಡಕ್ಕೂ ಟಿ ಒಂದೇ. ಹಾಗಾಗಿ ಬೆಂಗಳೂರಿನಲ್ಲಿ ದೊಡ್ಡಪ್ಪನ ಮಗನನ್ನು ಆಫೀಸಿನವರು ಪುಟ್ಟೂರ್ ಎನ್ನುತ್ತಾರೆ, ಪುಟ್ಟ ಊರು ಎನ್ನುವ ಹಾಗೆ. ಅಪ್ಪನಿಗೆ ಡಬಲ್ ಓ ಬೇಕು, ಇಲ್ಲದಿದ್ದರೆ ಊರಿನ ದೀರ್ಘ ಹೋಗುತ್ತದೆ ಎಂದು. ಕೊನೆಯ ಉಕಾರಕ್ಕೆ ಇನ್ನೊಂದು ಯು ಬೇಕಾ ಬೇಡವಾ? ಕನ್ನಡ ಮೇಷ್ಟ್ರಾಗಿ ನಾನು ಬೇಕು ಎಂದೆ. ಹುಡುಗಿ ನಮ್ಮಿಬ್ಬರ ಮಾತನ್ನೂ ತಳ್ಳಿಹಾಕಿದಳು. ರೈಲು ಸ್ಟೇಷನ್ನಿನ ಬೋರ್ಡಿನಲ್ಲಿ ಊರನ್ನು ಹೇಗೆ ಬರೆಯುತ್ತಾರೋ ಹಾಗೇ ಇರಲಿ ಎಂದಳು. ಎರಡು ಟಿ, ಎರಡು ಯು, ಕೊನೆಗೆ ಆರ್. "ಯಾರಾದ್ರೂ ನಂಬ್ಲಿಲ್ಲ ಅಂದ್ರೆ ಮ್ಯಾಪ್ ತೋರಿಸ್ಬಹುದು" ಎಂದಳು. ಅದಕ್ಕೆ ಎದುರು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಅಜ್ಜಿಗೆ ಇದ್ದ ಅನುಮಾನ ಒಂದೇ. "ಮದುವೆ ಆದ ಮೇಲೆ ಪುತ್ತೂರು ಹೋಗ್ತದಾ?" ಕೊಡವರಲ್ಲಿ ಮದುವೆಯಾದ ಹೆಣ್ಣು ಗಂಡನ ಒಕ್ಕಕ್ಕೆ ಸೇರುತ್ತಾಳೆ, ತವರಿನ ಹೆಸರನ್ನು ತಾಮನೆ ಎಂದು ಪಕ್ಕದಲ್ಲಿ ಬರೆಯುತ್ತಾರೆ. ಮದುವೆ ಕಾಗದಗಳಲ್ಲಿ ಅದನ್ನು ನೋಡಿ ನೋಡಿ ಅಜ್ಜಿಗೆ ಅಭ್ಯಾಸ. ಹುಡುಗಿ "ಇಷ್ಟು ಕಷ್ಟಪಟ್ಟು ಮಾಡಿಸಿದ್ದು ಅಜ್ಜಿ, ಹೋಗೋದಿಲ್ಲ" ಎಂದಳು. ಮದುವೆ ಆಗುತ್ತೇನೋ ಇಲ್ಲವೋ ಎಂಬುದಕ್ಕೆ ಉತ್ತರ ಕೊಡಲಿಲ್ಲ.

ಪಾಸ್‌ಪೋರ್ಟ್ ಬಂತು, ವೀಸಾ ಬಂತು, ಹೊರಟಳು. ಆಸ್ಪತ್ರೆಯಲ್ಲಿ ಎದೆಯ ಮೇಲಿನ ಪಟ್ಟಿಯಲ್ಲಿ ಈಗ ಅವಳ ಹೆಸರು, ಅದರ ಕೆಳಗೆ ಪುತ್ತೂರು. ಹೋದ ಎರಡನೇ ವಾರ ಮನೆಗೆ ವಿಡಿಯೋ ಕಾಲ್ ಮಾಡಿದಳು. ನಾನೂ ಅಲ್ಲಿದ್ದೆ, ಹಲಸಿನ ಹಣ್ಣು ತಿನ್ನುತ್ತಿದ್ದೆ. ಅವಳ ವಾರ್ಡಿನಲ್ಲಿ ಒಬ್ಬಳು ತಮಿಳು ನರ್ಸ್ ಇದ್ದಾಳಂತೆ, ಶ್ರೀಲಂಕಾದವಳು. ಪಟ್ಟಿ ನೋಡಿ, ನೀನು ಪುತ್ತೂರಿನವಳಾ, ನಾನೂ ಅಲ್ಲಿಯವಳೇ ಎಂದು ಕೈ ಹಿಡಿದುಕೊಂಡಳಂತೆ. ಜಾಫ್ನಾದಲ್ಲೂ ಒಂದು ಪುತ್ತೂರು ಇದೆ.

ಅಜ್ಜಿಗೆ ಜಾಫ್ನಾ ಕೇಳಿಸಲಿಲ್ಲ. ಪುತ್ತೂರು ಕೇಳಿಸಿತು. ಫೋನನ್ನು ಮುಖದ ಹತ್ತಿರ ಎಳೆದುಕೊಂಡು ಜೋರಾಗಿ ಕೇಳಿದರು:

"ಹೌದಾ ಮಗಾ? ಯಾರ ಮನೆಯವಳಂತೆ?"